ಬೇವೂರಿಗೆ ಬಂದ ಬೈ

ಊರಿನ ಹೆಸರು ಬೇವೂರು. ಆದರೆ ಆ ಊರಿನ ನೀರಗಂಟಿ ಸಣ್ಣಪ್ಪನ ನಾಲಿಗೆಯ ಮೇಲೆ ಬೇವಿನ ಒಂದು ಎಸಳೂ ಇರಲಿಲ್ಲ. ಬರೀ ಬೆಲ್ಲ. ಪಂಚಾಯ್ತಿಯ ಟ್ಯಾಂಕಿನಿಂದ ಓಣಿ ಓಣಿಗೆ ನೀರು ಬಿಡುವುದು ಅವನ ಕೆಲಸ. ಬೆಳಗಾದರೆ ವಾಲ್ವ್ ತಿರುವುವ ಕಬ್ಬಿಣದ ಚಾವಿಯನ್ನು ಹೆಗಲ ಮೇಲೆ ಹೊತ್ತು ಹೊರಡುವನು. ನೀರಿನ ಬೆನ್ನು ಹತ್ತಿ ಊರಿನ ಸುದ್ದಿಯೂ ಓಣಿ ಹೊಗುತ್ತಿತ್ತು. ಒಂದು ಓಣಿಗೆ ನೀರು ಮುಟ್ಟದಿದ್ದರೆ "ಇವತ್ತ ಬರಂಗಿಲ್ಲ" ಎಂದವನೇ ಅಲ್ಲ. "ಗಂಗವ್ವ ಹೊಂಟಾಳವ್ವ, ದಾರ್ಯಾಗ ಅದಾಳ, ನಾಳಿ ಮುಟ್ತಾಳ" ಎನ್ನುವನು. ಯಾರದೋ ಮಗ ಪರೀಕ್ಷೆಯಲ್ಲಿ ಫೇಲಾದರೆ "ಮಾಸ್ತರರಿಗೆ ಹುಡುಗನ ಮ್ಯಾಲ ಭಾಳ ಜೀವ, ಇನ್ನೊಂದು ವರ್ಷ ನಮ್ಮ ಹಂತ್ಯಾಕ ಇರ್ಲಿ ಅಂದಾರ" ಎಂದು ತಾಯಿಗೆ ತಿಳಿಸುವನು. ತಾಯಿಗೆ ಅರ್ಥವಾಗುತ್ತಿತ್ತು. ಅಳುವುದರ ಬದಲು ನಗು ಬರುತ್ತಿತ್ತು.

ಹೀಗೆ ಬೆಲ್ಲ ಹಚ್ಚುವುದನ್ನು ಅವನು ಭಜನೆಯಲ್ಲಿ ಕಲಿತದ್ದಲ್ಲ. ಎಳೆಯವನಿದ್ದಾಗಿನಿಂದ ಮಾರುತೇಶ್ವರನ ಗುಡಿಯ ಮೇಳದಲ್ಲಿ ತಾಳ ಹಿಡಿದು ಕೂತವನು. ಪದ ಕಲಿಸಿದ ಹಿರಿಯ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ: "ಕಿವಿಗೆ ಬಿದ್ದದ್ದು ಬಿದ್ದಂಗ ಬಾಯಿಗೆ ಬರಬೇಕಪಾ. ಅಕ್ಷರ ನುಂಗಬ್ಯಾಡ, ಅಕ್ಷರ ಕೂಡಸಬ್ಯಾಡ. ಪದ ನಿನ್ನ ಸ್ವತ್ತಲ್ಲ, ನೀ ಬರೇ ಅದು ಹಾಯೋ ದಾರಿ." ಗುಡಿಯೊಳಗೆ ಸಣ್ಣಪ್ಪ ಈ ಮಾತನ್ನು ಕೂದಲೆಳೆಯಷ್ಟೂ ಮೀರಲಿಲ್ಲ. ಗುಡಿಯ ಹೊಸ್ತಿಲು ದಾಟಿದ ಮೇಲೆ ಮಾತ್ರ ಆ ಮಾತು ಹಿಂದೆಯೇ ಉಳಿದುಬಿಡುತ್ತಿತ್ತು. ಎದುರಿಗಿದ್ದವರ ಮುಖ ಬಾಡಬಾರದು, ಅಷ್ಟೇ.

ಇಂಥವನನ್ನು ಊರಿನ ಫುಟ್‌ಬಾಲ್ ಹುಡುಗರು ತಮ್ಮ ಸಂಘಕ್ಕೆ ಕಾರ್ಯದರ್ಶಿ ಮಾಡಿಕೊಂಡಿದ್ದರು. ಆಟ ಗೊತ್ತಿದೆ ಎಂದಲ್ಲ. ಬೆಳಗಾದರೆ ಎಲ್ಲರ ಬಾಗಿಲಿಗೂ ಹೋಗುವವನು ಊರಿನಲ್ಲಿ ಅವನೊಬ್ಬನೇ ಎಂದು. ತಂಡದ ಕ್ಯಾಪ್ಟನ್ ಹನುಮೇಶ, ಸಣ್ಣಪ್ಪನ ಅಕ್ಕ ದುರಗಮ್ಮನ ಮಗ. ಕರೆಂಟಿನ ಕಂಬ ಹತ್ತುವ ಲೈನ್‌ಮನ್ ಕೆಲಸ. ಕಂಬದ ಮೇಲೆ ಕೂತಾಗಲೂ ಕೆಳಗೆ ಯಾರಾದರೂ ಚೆಂಡು ಒದೆಯುವ ಸಪ್ಪಳ ಕೇಳಿದರೆ ಕತ್ತು ಆ ಕಡೆಗೇ ತಿರುಗುತ್ತಿತ್ತು. ಜೋಳ ಕೊಯ್ದ ಮೇಲೆ ಕಲ್ಲಿನಂತಾಗುವ ಎರೆ ಹೊಲವೇ ಇವರ ಅಂಗಳ. ಎದುರಾಳಿಗಳು ಯಾವಾಗಲೂ ಮಂಗಳೂರಿನವರೇ. ಕಡಲ ದಂಡೆಯ ಮಂಗಳೂರಲ್ಲ, ನಮ್ಮ ಯಲಬುರ್ಗಾ ಸೀಮೆಯ ಮಂಗಳೂರು. ಆ ಆಟಕ್ಕೆ ಸುತ್ತು, ಚೀಟಿ ಏನೂ ಇರಲಿಲ್ಲ. ಎರಡು ಊರು, ಒಂದು ಚೆಂಡು, ಕೊನೆಗೊಂದು ಜಗಳ.

ಆ ವರ್ಷ ಹನುಮೇಶ ದೊಡ್ಡ ಸುದ್ದಿಯೊಂದನ್ನು ಹೊತ್ತು ತಂದ. ಇಡೀ ದೇಶಕ್ಕೆ ಒಂದು ಫುಟ್‌ಬಾಲ್ ಕಪ್ಪು ನಡೆಯುತ್ತದಂತೆ. ಆಡುವುದಕ್ಕೇ ಪಗಾರ ತೆಗೆದುಕೊಳ್ಳುವ ದೊಡ್ಡ ಕ್ಲಬ್ಬುಗಳೂ, ಆಡಿ ಬಂದು ಮನೆಯಲ್ಲಿ ಬೈಸಿಕೊಳ್ಳುವ ಸಣ್ಣ ಸಂಘಗಳೂ ಅಲ್ಲಿ ಒಂದೇ ಅಂಗಳಕ್ಕೆ ಇಳಿಯಬಹುದಂತೆ. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ; ಎರಡನೆಯ ಮಾತಿಲ್ಲ. ಸಣ್ಣವರಿಗೆ ದೊಡ್ಡವರು ಎದುರಾದರೆ ಆಟ ಸಣ್ಣವರ ಜಿಲ್ಲೆಯಲ್ಲೇ.

"ಹಂಗಾರ ಪಗಾರದವರು ನಮ್ಮ ಕೊಪ್ಪಳಕ್ಕ ಬರ್ತಾರ?" ಎಂದು ಸಣ್ಣಪ್ಪ ಬಾಯಿ ತೆರೆದ.

"ಬರ್ಲೇಬೇಕು ಮಾವ. ನೇಮ ಐತಿ."

ಸಂಘ ಹೆಸರು ಹಚ್ಚಿತು. ಸಂಪರ್ಕಕ್ಕೆ ಸಣ್ಣಪ್ಪನ ಗುಂಡಿ ಫೋನಿನ ನಂಬರು. ಇತ್ತ ದುರಗಮ್ಮ ಮಗನಿಗೆ ಕನ್ಯಾ ನೋಡಲು ಕುಷ್ಟಗಿಗೆ ಹೋಗೋಣವೆಂದು ಹಟ ಹಿಡಿದಿದ್ದಳು. "ಈ ಕಪ್ಪಿನ್ಯಾಗ ಒಂದ್ ಮ್ಯಾಚ್ ಆಡೂತನ ನಾ ಯಾವ ಕನ್ಯಾನೂ ನೋಡಂಗಿಲ್ಲ" ಎಂದು ಹನುಮೇಶ ಅಂದ. "ಹಂಗಾರ ಆ ಚೆಂಡಿಗೇ ತಾಳಿ ಕಟ್ಟು ಮಗನ, ಅರಿಷಿಣ ನಾ ಅರೀತೀನಿ" ಎಂದಳು ತಾಯಿ.

ಫೋನು ಬಂದದ್ದು ಒಂದು ಮುಂಜಾನೆ. ಸಣ್ಣಪ್ಪ ವಾಲ್ವಿನ ಗುಂಡಿಯ ಬಾಯಲ್ಲಿ ಕೂತು ಚಾವಿ ತಿರುವುತ್ತಿದ್ದ. ಪೈಪಿನ ಸಂದಿಯಿಂದ ನೀರು ಭುಸುಗುಡುತ್ತಿತ್ತು.

"ಸಣ್ಣಪ್ಪನವರೇನ್ರಿ? ನಾ ಪಂಪಾವತಿ, ಕೊಪ್ಪಳದಿಂದ. ಕಪ್ಪಿನ ಕೆಲಸ ನೋಡ್ಕೊಳ್ಳಾಕಿ. ಚೀಟಿ ಎತ್ಯಾರ್ರಿ. ಮೊದಲನೇ ಸುತ್ತಿನ್ಯಾಗ ನಿಮಗ ಬೈ ಬಂದೈತಿ."

"ಏನ್ ಬಂದೈತವ್ವ?"

"ಬೈ ರೀ! ಬೈ, ಬೈ!"

ಸಣ್ಣಪ್ಪನ ಎದೆ ಧಸಕ್ಕೆಂದಿತು. ಫೋನು ಕಿವಿಯಿಂದ ಜಾರಿ ಗುಂಡಿಯ ನೀರಿಗೆ ಗುಳುಂ ಎಂದು ಬಿತ್ತು.

ಅದನ್ನು ಎತ್ತಿ ಧೋತರದ ಚುಂಗಿನಿಂದ ಒರೆಸುತ್ತ ಅವನು ಬಹಳ ಹೊತ್ತು ಅಲ್ಲೇ ಕೂತ. ಬೈ. ಬೇವೂರಿನಲ್ಲಿ ಆ ಅಕ್ಷರಕ್ಕೆ ಇದ್ದದ್ದು ಒಂದೇ ಅರ್ಥ. ನಮ್ಮ ಹುಡುಗರಿಗೆ ದೊಡ್ಡವರು ಬೈದಿದ್ದಾರೆ. ಅಂಥದ್ದೇನು ತಪ್ಪು ಮಾಡಿದರೋ! ಎರೆ ಹೊಲದಲ್ಲಿ ಆಡುವವರಿಗೆ ದೇಶದ ಕಪ್ಪು ಯಾಕೆ ಅಂದಿರಬೇಕು. ಆಮೇಲೆ ಆಯಮ್ಮ ಎರಡು ಸಲ ಬೈ ಬೈ ಎಂದಳಲ್ಲ, ಅದು ಟಿವಿಯಲ್ಲಿ ಮಕ್ಕಳು ಕೈ ಬೀಸುತ್ತ ಹೇಳುವ ಮಾತು. ಅಂದರೆ ಬೈದದ್ದೂ ಆಯಿತು, ಹೋಗಿ ಬರ್ರಿ ಅಂದದ್ದೂ ಆಯಿತು. ಎಲ್ಲ ಸರಿಯಾಗಿ ಕೂಡಿಬಂತು.

ಸಂಜೆ ಬೇವಿನ ಕಟ್ಟೆಯ ಹತ್ತಿರ ಹನುಮೇಶ ಸಿಕ್ಕ. ಕೇಳಿದ್ದನ್ನು ಕೇಳಿದಂತೆ ಹೇಳಲು ಸಣ್ಣಪ್ಪನ ನಾಲಿಗೆ ಏಳಲೇ ಇಲ್ಲ. ಪ್ರೀತಿಯ ಅಳಿಯನ ಮುಖಕ್ಕೆ ಆ ಬಿರುಸು ಅಕ್ಷರವನ್ನು ಒಗೆಯುವುದು ಹೇಗೆ? ಬೆಲ್ಲದ ಡಬ್ಬಿ ತೆರೆದ.

"ದೊಡ್ಡವರ ಮನಸ್ಸೂ ದೊಡ್ಡದ ಇರ್ತೈತಪಾ. ಈ ವರ್ಷ ನಿಮ್ಮ ಹುಡುಗರು ದಣಿಯೂದು ಬ್ಯಾಡ, ಆರಾಮ ಇರ್ಲಿ, ಬರೋ ವರ್ಷ ನೋಡೂಣು ಅಂದಾರ."

"ಆಟ ಇಲ್ಲ ಅಂದಂಗ?"

"ಹಂಗಂತ ಅಂದಿಲ್ಲ. ಆರಾಮ ಇರ್ರಿ ಅಂದಾರ."

ಹನುಮೇಶ ಮನೆಗೆ ಹೋಗಿ ಚೆಂಡಿನ ಗಾಳಿ ಬಿಟ್ಟು ಅಟ್ಟದ ಮೇಲೆ ಎಸೆದ. ಮರುದಿನ ನೀರಿನ ಜೊತೆ ಸುದ್ದಿಯೂ ಓಣಿಗಳನ್ನೆಲ್ಲ ಸುತ್ತಿತು. ಹುಡುಗರು ತಮ್ಮ ತಮ್ಮ ಕೆಲಸಕ್ಕೆ ಚದುರಿದರು. ಗೋಲು ಕಾಯುವ ಕಲ್ಲೇಶ ಗಂಗಾವತಿಗೆ ಹೋಗಿ ಅಕ್ಕಿ ಗಿರಣಿಯಲ್ಲಿ ತೂಕಕ್ಕೆ ನಿಂತ. ಮುಂದೆ ನಿಂತು ಗೋಲು ಹೊಡೆಯುವ ರಫೀ ಭತ್ತ ಕೊಯ್ಯುವ ಮಷಿನ್ ಹತ್ತಿ ನವಲಿಯ ಗದ್ದೆಗಳಿಗೆ ಹೋದ. ಹನುಮೇಶ ತಾಯಿಗೆ "ನಡಿ, ಯಾವ ಕನ್ಯಾ ಇದ್ರೂ ನಡಿ" ಎಂದ. ಇನ್ನು ನೀರು ಕುಡಿದ ಫೋನಿಗೆ ಅಕ್ಕಿಯೇ ಮದ್ದು ಎಂದು ಯಾರೋ ಅಂದದ್ದಕ್ಕೆ ಸಣ್ಣಪ್ಪನ ಹೆಂಡತಿ ಉಡಚಮ್ಮ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ರೊಟ್ಟಿ ತಿನ್ನುವ ಮನೆ. ಆ ಡಬ್ಬಿಯ ಮುಚ್ಚಳ ತೆಗೆಯುವುದು ಹಬ್ಬಕ್ಕೋ ಬೀಗರು ಬಂದಾಗಲೋ.

ಮುಂದೊಂದು ಭಾನುವಾರ ಮುಂಜಾನೆ, ಸಣ್ಣಪ್ಪ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ಬಾಯಿಗಿಡುವಷ್ಟರಲ್ಲಿ ಅಡುಗೆಮನೆಯ ಮೂಲೆಯಲ್ಲಿ ಅಕ್ಕಿ ಡಬ್ಬಿ ಹಾಡಲು ಶುರು ಮಾಡಿತು.

"ಯವ್ವಾ, ಡಬ್ಬಿಗೆ ಜೀವ ಬಂತು!" ಎಂದಳು ಉಡಚಮ್ಮ. ಹಿಂದಿನ ರಾತ್ರಿಯಷ್ಟೇ ಮಗಳ ಮಾತು ಕೇಳಿ ಅದನ್ನು ಚಾರ್ಜಿಗೆ ಹಾಕಿ, ಬದುಕಿತೋ ಸತ್ತಿತೋ ನೋಡದೆ ಮತ್ತೆ ಅಕ್ಕಿಯೊಳಗೆ ತುರುಕಿದ್ದಳು. ಸಣ್ಣಪ್ಪ ಮೊಣಕೈವರೆಗೆ ಅಕ್ಕಿಯಲ್ಲಿ ಕೈ ಹಾಕಿ ಫೋನು ಹುಡುಕಿ ತೆಗೆದ.

"ಸಣ್ಣಪ್ಪನವರ! ಎಷ್ಟ್ ಸಲ ಹಚ್ಚಬೇಕ್ರಿ ನಿಮಗ! ಎಲ್ಲಿ ಅದೀರಿ? ಗೋವಾದ ಟೀಮು ನಿನ್ನೆನ ಬಂದು ಇಳದೈತಿ."

"ಛಲೋ ಆತು ಬಿಡವ್ವ. ಯಾರ ಜೋಡಿ ಆಡ್ತಾರ ಅವರು?"

"ನಿಮ್ಮ ಜೋಡಿ! ಇವತ್ತ ನಾಕ್ ಗಂಟೆಕ್ಕ!"

"ನಮಗ ಬೈದು ಕಳಿಸಿದ್ರೆಲ್ಲವ್ವಾ ನೀವು?"

ಪಂಪಾವತಿ ನಕ್ಕದ್ದು ಒಲೆಯ ಮುಂದಿದ್ದ ಉಡಚಮ್ಮನಿಗೂ ಕೇಳಿತು. "ಯಪ್ಪಾ ದೇವರ! ಬೈ ಅಂದ್ರ ಬೈಯೂದಲ್ರಿ. ಮೊದಲನೇ ಸುತ್ತಿನ್ಯಾಗ ನಿಮಗ ಎದುರಾಳಿ ಇಲ್ಲ, ಆಡದನ ಎರಡನೇ ಸುತ್ತಿಗೆ ದಾಟೀರಿ ಅಂತ. ಪುಣ್ಯಾ ಮಾಡಿದವರಿಗೆ ಸಿಗ್ತೈತ್ರಿ ಅದು. ಈಗ ಕೇಳ್ರಿ. ನಾಕ್ ಗಂಟೆಕ್ಕ ಅಂಗಳದಾಗ ಕಡಿಮಿ ಅಂದ್ರೂ ಏಳು ಮಂದಿ ನಿಂತಿರಬೇಕು. ಹೆಸರು ಕೊಟ್ಟ ಉಳದವರು ಆಟ ನಡದಾಗ ಬಂದ್ರೂ ನಡೀತೈತಿ. ಏಳು ಆಗಲಿಲ್ಲಂದ್ರ ನೀವು ಆಡದನ ಸೋತಂಗ."

ಆಡದೆ ದಾಟಿದವರು ಈಗ ಆಡದೆ ಸೋಲಬೇಕು. ಅದೂ ತನ್ನ ಒಂದು ನಾಲಿಗೆಯ ದೆಸೆಯಿಂದ. ಸಣ್ಣಪ್ಪ ಹೆಂಡತಿಗೆ ಎಲ್ಲವನ್ನೂ ಹೇಳಿದ. ಈ ಸಲ ಬೆಲ್ಲ ಹಚ್ಚಲಿಲ್ಲ.

ಉಡಚಮ್ಮ ಹಂಚಿನ ಮೇಲಿನ ರೊಟ್ಟಿ ಬಿಟ್ಟೆದ್ದಳು. "ಬೆಲ್ಲ ಹಚ್ಚಿ ಹಚ್ಚಿ ಈಗ ಇರಿವಿ ಮುತ್ತಿದ್ವು ನೋಡ್ರಿ! ಅಲ್ರಿ, ಆ ಒಂದಕ್ಷರ ಇದ್ದಂಗ ಅಂದಿದ್ರ ಓಣ್ಯಾನ ಚಿಳ್ಳಿ ಹುಡುಗ್ರರ ತಿಳಿಸಿ ಹೇಳ್ತಿದ್ವಲ್ಲ! ಆ ಫೋನ್ ಕೊಡ್ರಿ ಇಲ್ಲಿ. ಕಲ್ಲೇಶಗ, ರಫೀಗ ನಾ ಹಚ್ತೀನಿ. ನೀವು ಊರಾಗ ಯಾರ್ ಉಳದಾರ ನೋಡ್ರಿ, ನಡೀರಿ!"

ಊರಲ್ಲಿ ಯಾರು ಉಳಿದಿದ್ದಾರೆಂದು ಮನೆ ಮನೆ ತಿರುಗಿ ಕೇಳಿದರೆ ಮಧ್ಯಾಹ್ನವಾಗುತ್ತದೆ. ಸಣ್ಣಪ್ಪ ಚಾವಿ ಹೊತ್ತು ಟ್ಯಾಂಕಿಗೆ ಓಡಿದ. ಅವತ್ತು ಯಾವ ಓಣಿಯ ಪಾಳಿಯೂ ಅಲ್ಲ. ಆದರೂ ಎಲ್ಲ ವಾಲ್ವುಗಳನ್ನೂ ಒಂದಾದ ಮೇಲೊಂದು ತಿರುವಿಬಿಟ್ಟ. ಊರಿನ ನಳಗಳೆಲ್ಲ ಒಮ್ಮೆಗೇ ಸುರಿಯತೊಡಗಿದವು. "ನೀರ್ ಬಿಟ್ಟಾರ, ನೀರ್ ಬಿಟ್ಟಾರ!" ಎಂದು ಜನ ಕೊಡ ಬಕೆಟ್ಟು ಹಿಡಿದು ಬೀದಿಗೆ ಬಂದರು. ನಡುಬೀದಿಯಲ್ಲಿ ನಿಂತು ಸಣ್ಣಪ್ಪ ಭಜನೆಯ ಕೊರಳೆತ್ತಿ ಕೂಗಿದ: "ತಪ್ಪು ನನ್ನದ್ರೋ! ನಮ್ಮವರು ಕಪ್ಪಿನ್ಯಾಗ ಅದಾರ! ಇವತ್ತ ಕೊಪ್ಪಳದಾಗ ಮ್ಯಾಚ್ ಐತಿ! ಯಾರ್ ಯಾರ್ ಮನ್ಯಾಗ ಆಟಗಾರರು ಅದಾರ, ಹೊರಗ ಹಾಕ್ರಿ!"

ಐದು ಮಂದಿ ಸಿಕ್ಕರು. ಒಬ್ಬ ಹಲ್ಲುಜ್ಜುತ್ತಲೇ ಬಂದ, ಇನ್ನೊಬ್ಬನನ್ನು ಅವನ ಅಜ್ಜಿ ಕೌದಿಯಿಂದ ಎಳೆದು ತಂದು ಒಪ್ಪಿಸಿದಳು. ಅಮರಪ್ಪ ತನ್ನ ಕ್ರೂಸರ್ ಗಾಡಿ ತೆಗೆದ. ಬಟ್ಟೆ, ಬೂಟು, ಗಾಳಿ ಹೋದ ಚೆಂಡು ಎಲ್ಲ ಹಿಂದಿನ ಸೀಟಿಗೆ ಬಿದ್ದವು. ಗಂಗಾವತಿಯಿಂದ ಕಲ್ಲೇಶ ಬರುತ್ತೇನೆಂದನಂತೆ, ನವಲಿಯಿಂದ ರಫೀ ನೋಡುತ್ತೇನೆಂದನಂತೆ. ಹನುಮೇಶನ ಫೋನು ಮಾತ್ರ ಬಂದ್ ಆಗಿತ್ತು. ಯಾಕೆಂದರೆ ಅವನು ಆ ಹೊತ್ತಿಗೆ ಕುಷ್ಟಗಿಯಲ್ಲಿ ಕನ್ಯಾ ನೋಡುತ್ತ ಕೂತಿದ್ದ. "ಬೀಗರ ಮನ್ಯಾಗ ಫೋನ್ ಒತ್ತಿಗೋತ ಕುಂದ್ರಬ್ಯಾಡ" ಎಂದು ದುರಗಮ್ಮ ಅದನ್ನು ಕಸಿದುಕೊಂಡು, ಬಂದ್ ಮಾಡಿ, ತನ್ನ ಎಲೆಯಡಿಕೆ ಚೀಲದಲ್ಲಿ ಹಾಕಿಕೊಂಡಿದ್ದಳು.

ಕುಷ್ಟಗಿಯ ಆ ಪಡಸಾಲೆಯಲ್ಲಿ ಹನುಮೇಶ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಗೂಟಕ್ಕೆ ಕಟ್ಟಿದ ಹೋರಿಯಂತೆ ಕೂತಿದ್ದ. ಮಗ್ಗುಲಲ್ಲಿ ತಾಯಿ. ಎದುರಿಗೆ ಹುಡುಗಿಯ ಅಜ್ಜಿ ಪಕೀರಮ್ಮ. ಆ ಮನೆಯಲ್ಲಿ ಆಕೆ ಅಂದದ್ದೇ ಕಡೆಯ ಮಾತು. ತಟ್ಟೆಗಳಲ್ಲಿ ಮಂಡಾಳ ಒಗ್ಗರಣಿ, ಮೇಲೆ ಬಿಸಿ ಮಿರ್ಚಿ. ಹುಡುಗಿ ಸುರೇಖಾ ಚಹಾ ಹಿಡಿದು ಹೊರಗೆ ಬರಬೇಕು, ಅಷ್ಟರಲ್ಲಿ ಹೊಸ್ತಿಲ ಮೇಲೆ ಸಣ್ಣಪ್ಪ. ಹೆಗಲ ಮೇಲೆ ಇಳಿಸಲು ಮರೆತ ವಾಲ್ವಿನ ಚಾವಿ ಹಾಗೇ ಇತ್ತು.

ಪಕೀರಮ್ಮ ಅದನ್ನು ನೋಡಿ, "ನಮ್ಮ ನಳ ಛಲೋ ಅದಾವಪಾ, ಮುಂದಿನ ಮನಿಗೆ ಹೋಗು" ಎಂದಳು.

"ಹನುಮೇಶಾ, ನಮಗ ಬೈದಿಲ್ಲಂತೋ!" ಎಂದ ಸಣ್ಣಪ್ಪ ಏದುಸಿರು ಬಿಡುತ್ತ.

"ಯಾರ್ ಬೈದ್ರು?" ಪಕೀರಮ್ಮ ಸೆಟೆದು ಕೂತಳು. "ನಮ್ಮ ಮನ್ಯಾಗ ಬೀಗರಿಗೆ ಯಾರೂ ಬೈದಿಲ್ಲ."

"ಅಲ್ಲಬೇ ಯವ್ವ, ಬೈ ಬಂದೈತಂತ—"

"ಯಾರಿಗೆ ಬಾಯಿ ಬಂದೈತಿ? ನಮ್ಮ ಹುಡುಗಿಗೇನು? ಯಾರೋ ಆಗಲಾರದವರು ಹೇಳ್ಯಾರಪಾ ನಿನಗ. ಆಕಿ ಬಾಯಿ ಅಷ್ಟೇನಿಲ್ಲ."

"ಲೇ ಸಣ್ಣ್ಯಾ, ತಲಿ ನೆಟ್ಟಗೈತೇನು? ಶುಭ ಮಾತಾಡೋ ಮನಿಗೆ ಬಂದು ಬೈ ಬೈ ಅಂತಾನ!" ದುರಗಮ್ಮ ತಮ್ಮನ ತೋಳು ಹಿಡಿದು ಜಗ್ಗಿದಳು.

ಹನುಮೇಶ ಎದ್ದು ನಿಂತಿದ್ದ. "ಮಾವ, ಕೊಪ್ಪಳದ ಮೇಡಂ ಅವತ್ತು ಏನಂದ್ರು? ಅಕ್ಷರ ಅಕ್ಷರ ಹೇಳ್ರಿ."

ಸಣ್ಣಪ್ಪ ಗುಡಿಯಲ್ಲಿ ಕೂತವನಂತೆ ಕಣ್ಣು ಮುಚ್ಚಿದ. "'ಮೊದಲನೇ ಸುತ್ತಿನ್ಯಾಗ ನಿಮಗ ಬೈ ಬಂದೈತಿ.' ಇಷ್ಟ ನೋಡಪಾ."

ಒಳಕೋಣೆಯ ಪರದೆಯ ಹಿಂದೆ ಯಾರೋ ನಗು ತಡೆಯಲಾರದೆ ಕೆಮ್ಮಿದರು. "ಅಜ್ಜೀ, ಅದು ಬೈಯೂದಲ್ಲ, ಬಾಯೂ ಅಲ್ಲ. ಬೈ ಅಂದ್ರ ಆಡದನ ಮುಂದಿನ ಸುತ್ತಿಗೆ ಹೋಗೂದು. ನಮ್ಮ ಕಾಲೇಜಿನ ಖೋಖೋ ಟೀಮಿಗೂ ಬಂದಿತ್ತು."

"ಹಂಗಾರ ಮ್ಯಾಚ್ ಯಾವಾಗ?" ಹನುಮೇಶನ ಧ್ವನಿ ಪಡಸಾಲೆಯ ತೊಲೆಗೆ ಬಡಿಯಿತು.

"ಇವತ್ತ. ನಾಕ್ ಗಂಟೆಕ್ಕ. ಗೋವಾದವರು ಬಂದು ಕುಂತಾರ."

ಹನುಮೇಶ ಬಾಗಿಲು ನೋಡಿದ, ತಾಯಿಯ ಮುಖ ನೋಡಿದ, ತಟ್ಟೆ ನೋಡಿದ. ಪಕೀರಮ್ಮ ಕಡ್ಡಿ ಮುರಿದಂತೆ ಹೇಳಿದಳು: "ತಟ್ಟಿ ಮುಟ್ಟದ, ಕನ್ಯಾ ನೋಡದ ಎದ್ದ್ ಹೋದ್ರ ಸಂಬಂಧ ಮುರದಂಗಪಾ. ಹಿಂದಿನವರು ಮಾಡಿಟ್ಟದ್ದು."

ದುರಗಮ್ಮನ ಕಣ್ಣು ತುಂಬಿದವು. ಸಣ್ಣಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಒಂದು ಅಕ್ಷರ ನುಂಗಿದ್ದಕ್ಕೆ ಅಳಿಯನ ಆಟವೂ ಹೋಯಿತು, ಈಗ ಮದುವೆಯೂ ಹೊರಟಿತು.

ಪರದೆ ಮತ್ತೆ ಮಾತಾಡಿತು. "ಹಿಂದಿನವರು ಗೋವಾದವರ ಜೋಡಿ ಮ್ಯಾಚ್ ಆಡಿದ್ರೇನಜ್ಜಿ? ಹೋಗ್ಲಿ ಬಿಡು. ಇವರು ನನ್ನ ನೋಡಾಕ ಬಂದಿದ್ರು. ಈಗ ನಾವು ಇವರನ್ನ ನೋಡಾಕ ಹೋಗೂಣು. ಆಟ ಸುಮಾರ ಇದ್ರ ಆವಾಗ ಮುರೀಲಿ."

ಪಕೀರಮ್ಮ ಗಲ್ಲಕ್ಕೆ ಬೆರಳಿಟ್ಟಳು. "ಆಕಿ ಬಾಯಿ ಅಷ್ಟೇನಿಲ್ಲ ಅಂತ ನಾ ಅಂದ್ನೆಲ್ಲ," ಎಂದು ಸಣ್ಣಪ್ಪನ ಕಡೆ ತಿರುಗಿದಳು, "ಅದೊಂದು ಮಾತು ಬಿಟ್ಟುಬಿಡಪಾ." ಆಮೇಲೆ ತಟ್ಟೆಯ ಮಿರ್ಚಿಗಳನ್ನೆಲ್ಲ ಪೇಪರಿನಲ್ಲಿ ಕಟ್ಟಿ ಹನುಮೇಶನ ಕೈಗಿಟ್ಟಳು. "ತಟ್ಟಿ ಮುಟ್ಟಿದಂಗ ಆತು. ದಾರ್ಯಾಗ ತಿನ್ರಿ."

ಹನುಮೇಶನಿಗೆ ಕಂಡದ್ದು ಪರದೆಯ ಕೆಳಗಿನ ಎರಡು ಪಾದ ಮಾತ್ರ.

ಕೊಪ್ಪಳದ ದಾರಿಯುದ್ದಕ್ಕೂ ಕ್ರೂಸರಿನಲ್ಲಿ ಹುಡುಗರು ಮಿರ್ಚಿ ತಿನ್ನುತ್ತ ಗದ್ದಲ ಹಾಕಿದರು. ಹನುಮೇಶ ಗಾಳಿ ಹೋದ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಅಮುಕುತ್ತ ಕೂತಿದ್ದ. ಸಣ್ಣಪ್ಪನಿಗೆ ಅದು ಚಾಟಿಗಿಂತ ಉರಿಯಿತು.

"ಹನುಮೇಶಾ, ಒಂದೀಟು ಬೈದುಬಿಡೋ. ಹಗುರ ಆಕ್ಕೈತಿ ನನಗ."

"ಈಗ ಬ್ಯಾಡ್ರಿ ಮಾವ. ಮ್ಯಾಚ್ ಮುಗೀಲಿ. ಆರಾಮ ಕುಂತು ಬೈತೀನಿ."

ಅಮರಪ್ಪ ಸ್ಟೀರಿಂಗ್ ಹಿಡಿದೇ ಅಂದ: "ನನಗೂ ಎರಡು ಬೈಗಳ ತಗದಿಡ್ರಿ ಹನುಮೇಶ. ನಾನೂ ಈ ಮನಷ್ಯಾನ ಮಾತು ನಂಬಿ ಇವತ್ತಿಗೆ ಒಂದು ಲಗ್ನದ ಬಾಡಿಗಿ ಒಪ್ಪಿದ್ದೆ, ಈಗ ಅದೂ ಹೋತು."

ಕೊಪ್ಪಳದ ಕ್ರೀಡಾಂಗಣದಲ್ಲಿ ಗೋವಾದವರು ಒಂದೇ ಬಣ್ಣದ ಬಟ್ಟೆಯಲ್ಲಿ, ಒಂದೇ ಅಳತೆಗೆ ಕತ್ತರಿಸಿದಂತೆ ಓಡಾಡುತ್ತಿದ್ದರು. ಇತ್ತ ನಮ್ಮವರು ಆರು. ರೆಫರಿ ಕೈಗಡಿಯಾರ ನೋಡಿದ. ಪಂಪಾವತಿ ಅವನ ಮುಂದೆ ನಿಂತು, ಹೋದ ವರ್ಷದ ಮಳೆಯಿಂದ ಹಿಡಿದು ಬಸ್ಸಿನ ತ್ರಾಸಿನವರೆಗೆ ಇಲ್ಲದ ಸುದ್ದಿಯನ್ನೆಲ್ಲ ತೆಗೆದು ಹೊತ್ತು ನೂಕುತ್ತಿದ್ದಳು. ಸಣ್ಣಪ್ಪ ಗೇಟಿನಲ್ಲಿ ನಿಂತು ಗಂಗಾವತಿಯ ದಾರಿಯ ಕಡೆ ಕೈ ಜೋಡಿಸಿದ. ರೆಫರಿ ಸೀಟಿ ಬಾಯಿಗಿಟ್ಟ ಹೊತ್ತಿಗೆ ಯಾರದೋ ಬೈಕಿನ ಹಿಂದಿನಿಂದ ಕಲ್ಲೇಶ ಜಿಗಿದ. ತಲೆಯಿಂದ ಕಾಲಿನವರೆಗೆ ಅಕ್ಕಿಯ ತೌಡು. ಹಬ್ಬದ ದಿನ ವಿಭೂತಿ ಬಳಿದುಕೊಂಡವನಂತೆ ಕಾಣುತ್ತಿದ್ದ. ಗೋಲಿನ ನಡುವೆ ನಿಂತು ಕೈ ಝಾಡಿಸಿದಾಗ ಬಿಳಿ ಮೋಡವೊಂದು ಎದ್ದಿತು.

ಏಳು ಮಂದಿಯ ಎದುರು ಹನ್ನೊಂದು ಮಂದಿ. ಮೊದಲ ಅರ್ಧದಲ್ಲಿ ಆದದ್ದು ಆಗುವಂಥದ್ದೇ. ಗೋವಾದವರ ಕಾಲಿನಲ್ಲಿ ಚೆಂಡು ಬಾಯಿಪಾಠವಾದ ಪದ್ಯದಂತೆ ತಡವರಿಸದೆ ಸಾಗುತ್ತಿತ್ತು. ಕಲ್ಲೇಶ ಹಾರಿ ಹಾರಿ ಎಷ್ಟು ತಡೆದನೋ ಅಷ್ಟೇ ಒಳಗೂ ಬಿಟ್ಟ. ನಾಲ್ಕು ಗೋಲು ಆದವು. ಆದರೆ ಭಾನುವಾರದ ಜನಕ್ಕೆ ಅಷ್ಟು ಹೊತ್ತಿಗೆ ಬೇರೆಯೇ ಒಂದು ಆಟದ ರುಚಿ ಹತ್ತಿತ್ತು. ಗೇಟಿನಿಂದ ಬೇವೂರಿನ ಒಬ್ಬೊಬ್ಬ ಆಟಗಾರ ಬರುವುದು, ಬಂದವನು ಗೋಡೆಯ ಮರೆಯಲ್ಲಿ ಬಟ್ಟೆ ಬದಲಿಸಿ ರೆಫರಿಗೆ ಕೈ ಎತ್ತುವುದು, ಅವನು ಒಳಗೆ ಕರೆಯುವುದು. ಗೋವಾದ ಗೋಲಿಗೆ ಬೀಳದ ಚಪ್ಪಾಳೆ ಅದಕ್ಕೆ ಬಿತ್ತು. "ಎಂಟನೇವ ಬಂದ!" "ಒಂಬತ್ತನೇವ ಬಂದ್ರೋ!" ಒಂಬತ್ತನೆಯವನು ಕುರಿ ಮಾರಲು ಹೋದ ಸಂತೆಯಿಂದ ನೇರ ಬಂದಿದ್ದ. ಜೊತೆಗೆ ಮಾರಾಟವಾಗದ ಒಂದು ಕುರಿ. ಅದನ್ನು ಹಿಡಿದುಕೊಳ್ಳುವ ಕೆಲಸ ಸಣ್ಣಪ್ಪನ ಪಾಲಿಗೆ ಬಂತು.

ಆಟದ ನಡುವಿನ ಬಿಡುವು ಮುಗಿದು ಸ್ವಲ್ಪ ಹೊತ್ತಿಗೆ ಇನ್ನೊಂದು ಗಾಡಿ ನಿಂತಿತು. ಹಿಂದಿನ ಸೀಟಿನಿಂದ ಪಕೀರಮ್ಮ, ಅವಳ ಹಿಂದೆ ನೀಲಿ ದುಪ್ಪಟ್ಟದ ಹುಡುಗಿ, ಕಡೆಗೆ ದುರಗಮ್ಮ ಇಳಿದರು. ಅವರ ಬೆನ್ನಿಗೇ, ತಲೆಗೂದಲ ತುಂಬ ಭತ್ತದ ಹುಲ್ಲು ಸಿಕ್ಕಿಸಿಕೊಂಡು ರಫೀ ಓಡಿಬಂದ. ನವಲಿಯ ಗದ್ದೆಯಲ್ಲಿ ಮಷಿನ್ ನಿಲ್ಲಿಸಿ, ಹೊಲದ ಯಜಮಾನನಿಗೇ ಅದನ್ನು ಕಾಯಲು ಹೇಳಿ ಬಂದಿದ್ದ.

"ಹತ್ತು!" ಎಂದು ಜನ ಎದ್ದು ನಿಂತರು. ಹನ್ನೊಂದನೆಯವನು ಬರಲೇ ಇಲ್ಲ. ಅವನು ಅತ್ತೆಯ ಮನೆಗೆ ಹೋಗಿದ್ದ. ಅಲ್ಲಿಂದ ಅವನನ್ನು ಎಬ್ಬಿಸಿ ತರುವುದು ಉಡಚಮ್ಮನಿಂದಲೂ ಆಗಿರಲಿಲ್ಲ.

ಗೋವಾದವರು ಇನ್ನೂ ಎರಡು ಹೊಡೆದರು. ಆದರೂ ಆಟ ಈಗ ಒಂದೇ ಕಡೆ ವಾಲಿರಲಿಲ್ಲ. ಸಣ್ಣಪ್ಪ ಜೇಬಿನಲ್ಲಿ ಯಾವಾಗಲೂ ಇರುವ ತಾಳ ತೆಗೆದ. ಕುರಿಯ ಹಗ್ಗವನ್ನು ಕಾಲಿಗೆ ಸುತ್ತಿಕೊಂಡು, ಮೇಳದಲ್ಲಿ ಪದ ಏರುವಾಗ ಬಾರಿಸುವ ನಡೆಯಲ್ಲಿ ಬಾರಿಸತೊಡಗಿದ. ಜನ ಚಪ್ಪಾಳೆಯಲ್ಲಿ ಅದನ್ನು ಎತ್ತಿಕೊಂಡರು. ಕಲ್ಲೇಶ ಚೆಂಡನ್ನು ಉದ್ದಕ್ಕೆ ಒದ್ದ. ರಫೀ ಅದನ್ನು ಬಲಗಡೆ ಬಯಲಲ್ಲಿ ಅಟ್ಟಿಸಿಕೊಂಡು ಹೋಗಿ ನಡುವಿಗೆ ತಳ್ಳಿದ. ಹನುಮೇಶ ಓಡಿಬಂದು ಒದ್ದದ್ದು ಅಷ್ಟೇನೂ ಜೋರಾಗಿರಲಿಲ್ಲ. ಆದರೆ ಚೆಂಡು ನೆಲದ ಒಂದು ಹೆಂಟೆಗೆ ತಾಗಿ ಪುಟಿಯಿತು. ಹುಲ್ಲಿನ ಮೇಲೆ ಆಡಿದ, ಗೋವಾದ ಗೋಲು ಕಾಯುವವನು ಕೆಳಗೆ ಬಿದ್ದ, ಎರೆ ಹೊಲದ ಹೆಂಟೆ ಗೊತ್ತಿದ್ದವನ ಚೆಂಡು ಅವನ ಮೇಲೆ ಹಾರಿ ಒಳಗೆ ಹೋಯಿತು.

ಆಮೇಲೆ ಯಾರು ಯಾರನ್ನು ಅಪ್ಪಿಕೊಂಡರೋ ಹೇಳುವುದು ಕಷ್ಟ. ಗೋವಾದ ಕ್ಯಾಪ್ಟನ್ ತಾನೇ ಬಂದು ಹನುಮೇಶನ ಬೆನ್ನು ತಟ್ಟಿದ. ಕುರಿ ತಪ್ಪಿಸಿಕೊಂಡು ಅಂಗಳಕ್ಕೆ ನುಗ್ಗಿತು. ಆರಕ್ಕೆ ಒಂದು, ಸೋತದ್ದು ನಿಜ. ಆದರೆ ಬೇವೂರಿನವರನ್ನು ಕೇಳಿದರೆ ಅವರು ಮೊದಲು ಹೇಳುವುದು ಆ ಒಂದನ್ನೇ.

ಜನ ಚದುರುವಾಗ ನೀಲಿ ದುಪ್ಪಟ್ಟದ ಸುರೇಖಾ ಗೇಟಿನ ಹತ್ತಿರ ಸಣ್ಣಪ್ಪನನ್ನು ತಡೆದಳು. ಪಕೀರಮ್ಮ ಆಗಲೇ ಗಾಡಿಯಲ್ಲಿ ಕೂತು, ಆ ಕುರಿ ಎಷ್ಟಕ್ಕೆ ಕೊಡುತ್ತೀರೆಂದು ಯಾರನ್ನೋ ವಿಚಾರಿಸುತ್ತಿದ್ದಳು.

"ಕಾಕಾರ, ಒಂದ್ ಮಾತು ಮುಟ್ಟಸ್ತೀರೇನ್ರಿ? ಆದ್ರ ಹೇಳಿದ್ದು ಹೇಳಿದಂಗ."

"ಹೇಳವ್ವ."

"ಅವರಿಗೆ ಮೊದಲನೇ ಸುತ್ತಿನ್ಯಾಗ ಬೈ ಬಂದೈತಿ ಅಂತ ಹೇಳ್ರಿ." ಇಷ್ಟು ಹೇಳಿ ಅವಳು ಗಾಡಿ ಹತ್ತಿದಳು. ಗಾಡಿ ಇನ್ನೂ ಹೊರಟಿರಲಿಲ್ಲ. ಕುರಿಯ ಚೌಕಾಶಿ ನಡೆದಿತ್ತು.

ಸಣ್ಣಪ್ಪ ಅಂಗಳ ದಾಟುತ್ತ ಆ ಮಾತನ್ನು ತುಟಿಯಲ್ಲೇ ತಿರುಗಿಸಿ ನೋಡಿದ. ಮತ್ತೆ ಅದೇ ಅಕ್ಷರ. ಇದು ಒಪ್ಪಿಗೆಯೋ, ಬೈಗಳೋ, ಟಿವಿಯ ಮಕ್ಕಳು ಕೈ ಬೀಸಿ ಹೇಳುವ ಬೈ ಬೈಯೋ? "ಹುಡುಗಿ ಭಾಳ ಖುಷಿಯಾಗ್ಯಾಳಪಾ" ಎಂದು ಒಂದು ಉಂಡೆ ಬೆಲ್ಲ ನಾಲಿಗೆಯ ತುದಿಗೆ ಬಂದು ಕೂತಿತು. ಕಿವಿಗೆ ಬಿದ್ದದ್ದು ಬಿದ್ದಂಗ ಬಾಯಿಗೆ ಬರಬೇಕಪಾ. ಸಣ್ಣಪ್ಪ ಬೆಲ್ಲವನ್ನು ನುಂಗಿದ.

ಹನುಮೇಶ ಅಂಗಳದ ಅಂಚಿನ ಕಟ್ಟೆಯ ಮೇಲೆ ಕೂತು ಒಂದು ಬೂಟು ಕಳಚಿದ್ದ. "ಬರ್ರಿ ಮಾವ, ಕುಂದರ್ರಿ. ಬೈಯೂದೈತಿ."

"ಬೈಯುವಂತಿ. ಮೊದಲ ಒಂದ್ ಮಾತು ಕೇಳು. ಕುಷ್ಟಗಿ ಹುಡುಗಿ ಹೇಳಿ ಕಳಿಸ್ಯಾಳ. ನನಗ ಅರ್ಥ ಆಗಿಲ್ಲ, ಕೇಳಬ್ಯಾಡ." ಸಣ್ಣಪ್ಪ ಕಣ್ಣು ಮುಚ್ಚಿ, ಉಸಿರು ತೆಗೆದುಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ: "'ಅವರಿಗೆ ಮೊದಲನೇ ಸುತ್ತಿನ್ಯಾಗ ಬೈ ಬಂದೈತಿ.'"

ಹನುಮೇಶನ ಕೈಯಲ್ಲಿ ಬೂಟಿನ ದಾರ ಹಾಗೇ ನಿಂತಿತು. ಕಿವಿ ಕೆಂಪಾದವು.

"ಇನ್ನೊಮ್ಮೆ ಹೇಳ್ರಿ."

ಸಣ್ಣಪ್ಪ ಪಲ್ಲವಿ ತಿರುಗಿ ಹೇಳುವಂತೆ ಹೇಳಿದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

"ಎರಡನೇ ಸುತ್ತು ಯಾವಾಗಂತ ಮಾವ?"

"ಅದನ್ನ ಆಕಿ ಹೇಳಿಲ್ಲಪಾ. ಹೇಳದ್ದನ್ನ ನಾ ಹ್ಯಾಂಗ ಹೇಳ್ಲಿ?"

ಬೈಯುವುದನ್ನು ಅಲ್ಲೇ ಬಿಟ್ಟು ಹನುಮೇಶ ಒಂದೇ ಕಾಲಿನ ಬೂಟಿನಲ್ಲಿ ಗೇಟಿನ ಕಡೆ ಓಡಿದ.